ಅವ್ವನ ಅಂಗೈ, ಬಾಳಣ್ಣನ ಬೇಸ್

ಮೊನ್ನೆ ಮಧ್ಯಾಹ್ನ ನಮ್ಮ ಓಣಿಯಲ್ಲಿ ಯಾರದೋ ಮದುವೆಯ ಮೆರವಣಿಗೆ ಹಾದುಹೋಯಿತು. ಮೆರವಣಿಗೆಗಿಂತ ಮೊದಲು ಬಂದದ್ದು ನಮ್ಮ ಅಡುಗೆಮನೆಯ ತಾಟುಗಳ ಸದ್ದು. ಗೋಡೆಗೆ ಹೊಡೆದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ ತಾಟುಗಳು ಹಲ್ಲು ಕಡಿಯತೊಡಗಿದವು. ಆಮೇಲೆ ಕಿಟಕಿಯ ಗಾಜು, ಆಮೇಲೆ ದೇವರ ಮುಂದಿನ ಗಂಟೆ, ಕೊನೆಗೆ ನನ್ನ ಎದೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಮನೆಯೆತ್ತರಕ್ಕೆ ಡಿಜೆ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಬರುತ್ತಿದ್ದರು. ಹಾಡು ಯಾವುದೆಂದು ಗೊತ್ತಾಗುವ ಮೊದಲೇ ಒಲೆಯ ಮೇಲಿನ ಹಾಲು ನಡುಗುತ್ತಿತ್ತು. ರಾಯಬಾಗದ ಜನರ ಸಂಗೀತಪ್ರೇಮವನ್ನು ಮನಸ್ಸಿನಲ್ಲೇ ಬೈಯುತ್ತ, ಕಿವಿ ಮುಚ್ಚಿಕೊಂಡು ಒಳಕೋಣೆಗೆ ಹೋದೆ.

ಅಲ್ಲಿ ಅವ್ವ ತಿಜೋರಿಯ ಮುಂದೆ ನಿಂತಿದ್ದಳು. ನಮ್ಮ ಕಡೆ ಬಟ್ಟೆ ಇಡುವ ತಗಡಿನ ಕಪಾಟಿಗೂ ತಿಜೋರಿ ಎಂದೇ ಹೆಸರು. ಒಳಗೆ ಬಂಗಾರವಿದೆಯೆಂದು ಯಾರೂ ಆಸೆಪಡಬೇಕಾಗಿಲ್ಲ. ಅವಳ ಬಲ ಅಂಗೈ ಆ ತಿಜೋರಿಯ ಬಾಗಿಲಿಗೆ ಒತ್ತಿತ್ತು. ಕಣ್ಣು ಮುಚ್ಚಿದ್ದವು. ಡಿಜೆ ಓಣಿ ದಾಟಿ, ತಾಟುಗಳು ಸುಮ್ಮನಾದ ಮೇಲೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಬೇಕಾದ ತರಕಾರಿ ಸಿಗದೆ ಸಂತೆಯಿಂದ ಮರಳಿದವರ ಮುಖ ಅವಳದು.

"ಇದರಾಗ ಬರೇ ಹೊಡತ ಐತಿ," ಅಂದಳು. "ನಡಗಿ ಇಲ್ಲ."

ನಡಿಗೆ ಎಂಬ ಆ ಒಂದು ಮಾತಿಗೆ ನನಗೆ ಬಾಳಣ್ಣ ನೆನಪಾದ. ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ ನಿಪ್ಪಾಣಿಯ ಬಾಳಣ್ಣ. ಹಾಲು ಉಕ್ಕಿದ್ದು ಆಗಲೇ.

ಬಾಳಣ್ಣನ ಬಗ್ಗೆ ಹೇಳುವ ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮಗೆ ಇಷ್ಟವಾದ ಯಾವುದಾದರೂ ಸಿನಿಮಾ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಮೊದಲು ಸಾಹಿತ್ಯ ಬರುತ್ತದೆ, ಅದರ ಜೊತೆಗೆ ಧಾಟಿ. ಸ್ವಲ್ಪ ಆಸಕ್ತಿಯಿದ್ದವರಿಗೆ ನಡುವಿನ ಕೊಳಲು, ಪಿಟೀಲು ನೆನಪಾಗುತ್ತವೆ. ತಬಲಾದ ಪೆಟ್ಟು ಬೆರಳಿಗೆ ತಾನಾಗಿ ಬರುತ್ತದೆ. ಈಗ ಇದೆಲ್ಲದರ ಕೆಳಗೆ ಒಂದು ದಪ್ಪ ದನಿ ಸದ್ದಿಲ್ಲದೆ ಓಡಾಡುತ್ತಿತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಬರಲಿಲ್ಲವೇ? ಚಿಂತೆ ಮಾಡಬೇಡಿ. ಅದರ ಪಕ್ಕದಲ್ಲೇ ನಿಂತು ಹಾಡುತ್ತಿದ್ದ ನನಗೂ ವರ್ಷಗಟ್ಟಲೆ ಅದು ಕೇಳಿಸಿರಲಿಲ್ಲ. ನನಗೆ ಕೇಳಿಸುತ್ತಿದ್ದುದು ನನ್ನ ದನಿ ಮಾತ್ರ. ಅದೂ ಬಹಳ ಇಂಪಾಗಿ ಕೇಳಿಸುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನಮ್ಮ ಮನೆ ಸದಲಗಾದಲ್ಲಿ, ನನ್ನ ಕಾಲೇಜು ಚಿಕ್ಕೋಡಿಯಲ್ಲಿ. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ನಾನು ಹಾಡಿದ್ದನ್ನು ಕೇಳಿ ಒಬ್ಬ ಮಾಸ್ತರು ಮನೆಗೆ ಬಂದರು. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಸಂಜೆಯಾದರೆ ಕೀಬೋರ್ಡ್ ಬಾರಿಸುತ್ತ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಎರಡು ಕನ್ನಡ ಹಾಡು, ಎರಡು ಮರಾಠಿ, ಎರಡು ಹಿಂದಿ, ಯಾರೂ ಸಿಟ್ಟಾಗಬಾರದು ಎಂಬುದು ಅವರ ಕಾರ್ಯಕ್ರಮದ ಧರ್ಮ. ನಮ್ಮಪ್ಪ ಟ್ರ್ಯಾಕ್ಟರ್ ಹೊಡೆಯುವವನು, ಮಾತು ಕಡಿಮೆ. ಮಾಸ್ತರು ಕಲೆ, ಸಂಸ್ಕೃತಿ, ಸರಸ್ವತಿ ಎಂದು ಹೇಳಿ ಮುಗಿಸಿ ಚಹಾ ಕುಡಿದ ಮೇಲೆ ಅಪ್ಪ ಒಂದೇ ಮಾತು ಅಂದ: "ಅವರವ್ವ ಜೋಡಿ ಬರತಾಳಂದ್ರ ಹೋಗಲಿ. ಇಲ್ಲಂದ್ರ ಇಲ್ರಿ."

ಹೀಗೆ ನನ್ನ ಜೊತೆಗೆ ಅವ್ವನೂ ಆರ್ಕೆಸ್ಟ್ರಾ ಸೇರಿದಳು. ಇದರಲ್ಲಿ ಒಂದು ವಿಚಿತ್ರವಿತ್ತು. ನನ್ನ ಹಾಡು ಕೇಳಿಸದ ಒಬ್ಬಳೇ ಒಬ್ಬಳನ್ನು ಅಪ್ಪ ನನ್ನ ಕಾವಲಿಗೆ ಕಳಿಸಿದ್ದ.

ಅವ್ವ ಪೂರಾ ಕಿವುಡಿಯಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಹೈಸ್ಕೂಲು ಮುಗಿಸುವತನಕ ಅವಳು ಯಂತ್ರಮಗ್ಗದ ಶೆಡ್ಡಿನಲ್ಲಿ ನೂಲಿನ ಕಾಂಡಿ ಸುತ್ತುವ ಕೆಲಸ ಮಾಡಿದಳು. ಆ ಶೆಡ್ಡಿನೊಳಗೆ ಒಮ್ಮೆ ಹೋಗಿ ನಿಂತವರಿಗೆ ಗೊತ್ತು, ಅಲ್ಲಿ ಜನ ಮಾತಾಡುವುದಿಲ್ಲ, ಕೈಸನ್ನೆಯಲ್ಲೇ ಬದುಕುತ್ತಾರೆ. ಆ ಗದ್ದಲ ಅವಳ ಕಿವಿಯಿಂದ ಮೊದಲು ಸಣ್ಣ ದನಿಗಳನ್ನು ಕಿತ್ತುಕೊಂಡಿತು. ಕುಕ್ಕರಿನ ಸೀಟಿ ಹೋಯಿತು, ಗುಬ್ಬಿ ಹೋಯಿತು, ಸೈಕಲ್ಲಿನ ಗಂಟೆ ಹೋಯಿತು. ಆಮೇಲೆ ನಾನು ಹೋದೆ. ಅಪ್ಪನ ದಪ್ಪ ದನಿ, ಎಮ್ಮೆಯ ಕೂಗು, ಬಸ್ಸು, ಡೊಳ್ಳು ಇವೆಲ್ಲ ಉಳಿದವು. ನನ್ನ ದನಿಯಂತೂ ಹುಟ್ಟಾ ಸಣ್ಣದು, ಎತ್ತರದ್ದು. ಮಾಸ್ತರು ಎಲ್ಲರೆದುರು ಹೊಗಳುತ್ತಿದ್ದುದು ಅದನ್ನೇ. ಅವ್ವ ಮಾತ್ರ, "ನೀ ಯಾಕ ಬರೇ ತುಟಿ ಆಡಸ್ತಿ? ಬಾಯಿ ತಗದ ಮಾತಾಡ," ಎಂದು ಬೈಯುತ್ತಿದ್ದಳು. ಊರೂರು ತಿರುಗಿ ಮೈಕಿನಲ್ಲಿ ಹಾಡುವ ಮಗಳು ತಾಯಿಯ ಪಾಲಿಗೆ ಬರೀ ತುಟಿ ಆಡಿಸುವವಳು. ಇದು ನನಗೆ ಬಹಳ ನೋವಿನ ಸಂಗತಿಯಾಗಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ ಅಷ್ಟೆ.

ಇನ್ನು ಬಾಳಣ್ಣ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಅವನಿಗೆ ಪಗಾರದ ನೌಕರಿ. ಸಾಧು, ಸಂಕೋಚದ ಮನುಷ್ಯ ಅಂದುಕೊಂಡೀರಿ, ಅದೇನೂ ಅಲ್ಲ. ಅವನಷ್ಟು ಜಂಬದವನನ್ನು ನಾನು ಕಂಡಿಲ್ಲ. ಮಿಂಚುವ ಅಂಗಿ, ಅದರ ಕಾಲರಿನೊಳಗೆ ಕರವಸ್ತ್ರ, ಕಿಸೆಯಲ್ಲಿ ಸದಾ ಒಂದು ಪೊಟ್ಟಣ ಭಡಂಗ. ಖಾರದ ಆ ಚುರುಮುರಿಯನ್ನು ಬೇರೆಯವರಿಗೆ ಕೊಡುವಾಗ ಕಾಳು ಲೆಕ್ಕ ಹಾಕಿದಂತೆ ಕೊಡುತ್ತಿದ್ದ. ವೇದಿಕೆಯ ಮೇಲೆ ಪ್ರೇಕ್ಷಕರಿಗೆ ಅರ್ಧ ಬೆನ್ನು ಮಾಡಿ, ಡ್ರಮ್ಮಿನವನ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಯಾಕೆಂದು ಕೇಳಿದರೆ, "ಮಂದಿನ್ನ ನೋಡಿ ನಾ ಏನ್ ಮಾಡ್ಲಿ? ಮಂದಿ ನನ್ನ ನೋಡಬೇಕ," ಎನ್ನುತ್ತಿದ್ದ. ಮಂದಿ ನೋಡುತ್ತಿದ್ದರು ಕೂಡ. ನೋಡಿ, ಎಲ್ಲ ಊರಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನ್ರಿ, ನಿಮ್ಮ ಗಿಟಾರಿಗೆ ನಾಕ ತಂತಿ ಅದಾವಲ್ಲ, ಆರರಾಗ ಎರಡು ಹರದ ಹೋಗ್ಯಾವೇನ್ರಿ?" ಬಾಳಣ್ಣ ಗಂಭೀರವಾಗಿ, "ಹೌದ್ರಿ, ಚಲೋ ಬಾರ್ಸಾವ್ರಿಗೆ ನಾಕ ಸಾಕ್ರಿ," ಎನ್ನುತ್ತಿದ್ದ.

ಅವನು ಬೇಸ್ ಕಲಿತ ಕತೆಯೇ ಬೇರೆ. ನಿಪ್ಪಾಣಿಯಲ್ಲಿ ಬುದ್ಧವಿಹಾರದ ಹಿಂದಿನ ಅವರ ಮನೆಗೂ ಒಂದು ಕ್ಯಾಸೆಟ್ ಅಂಗಡಿಗೂ ನಡುವೆ ಒಂದೇ ಗೋಡೆ. ಅಂಗಡಿಯಲ್ಲಿ ದಿನವಿಡೀ ಹಾಡು. ನೀವೂ ಗಮನಿಸಿರಬಹುದು, ಗೋಡೆಯಾಚೆಯ ಹಾಡಿನಲ್ಲಿ ಮಾತು ದಾಟುವುದಿಲ್ಲ, ಧಾಟಿಯೂ ಹೆಚ್ಚು ದಾಟುವುದಿಲ್ಲ. ದಾಟಿ ಬರುವುದು ಆ ದಪ್ಪ ದನಿಯೊಂದೇ. ಚಿಕ್ಕಂದಿನಿಂದ ಬಾಳಣ್ಣ ಉಂಡದ್ದು, ಓದಿದ್ದು, ಮಲಗಿದ್ದು ಆ ದನಿಯ ಜೊತೆಗೆ. ಅದೇ ಹಾಡು ಅಂದುಕೊಂಡಿದ್ದನಂತೆ. ಹೀಗೇ ಒಮ್ಮೆ ಬಸ್ಸಿನಲ್ಲಿ ಕೂತಾಗ ಗೋಡೆಯಿಲ್ಲದೆ ಅದೇ ಹಾಡು ಮೊದಲ ಸಲ ಕಿವಿಗೆ ಬಿತ್ತು. ಅವನಿಗೆ ಸಿಟ್ಟು ಬಂತು. "ಯಾರೋ ಒಬ್ಬಾಕಿ ಹಾಡಿನ ಮ್ಯಾಲೆ ಮಾತಾಡಾಕತ್ತಾಳಲ್ಲ, ಸುಮ್ನ ಕುಂಡ್ರಬಾರದೇನ ಅನಿಸ್ತ ನನಗ," ಎಂದು ಹೇಳಿ ನನ್ನ ಮುಖ ನೋಡಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಹಾಡುಗಾರ್ತಿಯೆಂದರೆ ಅವನ ದೃಷ್ಟಿಯಲ್ಲಿ ಹಾಡಿನ ಮೇಲೆ ಮಾತಾಡುವವಳು ಎಂಬುದು ಮನಸ್ಸಿಗೆ ಚುಚ್ಚುತ್ತಿತ್ತು. ವಿಹಾರದಲ್ಲಿ ಜಯಂತಿಗೆ ಹಾಡುವ ಗಾಯನ ಪಾರ್ಟಿಯವರು ಒಂದು ಹಳೆಯ ಬೇಸ್ ಗಿಟಾರ್ ತಂದಾಗ, ಅದನ್ನು ಏನು ಮಾಡಬೇಕೆಂದು ಗೊತ್ತಿದ್ದವನು ಅವನೊಬ್ಬನೇ.

ಅವ್ವನಿಗೆ ಬಾಳಣ್ಣ ಸಿಕ್ಕಿದ್ದು ಒಂದು ಗಣಪತಿ ಕಾರ್ಯಕ್ರಮದಲ್ಲಿ. ಸಿಕ್ಕಿದ್ದು ಎಂದರೆ, ಅವ್ವ ಕೂತಲ್ಲಿಂದ ನಾನು ಕಾಣುತ್ತಿರಲಿಲ್ಲ. ಕಾಣದಿದ್ದರೆ ಕಾವಲು ಹೇಗೆ? ವೇದಿಕೆಯ ಪಕ್ಕದಲ್ಲಿ, ಬೇಸಿನ ಸ್ಪೀಕರ್ ಪೆಟ್ಟಿಗೆಗೆ ಒತ್ತಿ ಒಂದು ಕುರ್ಚಿ ಹಾಕಿಸಿಕೊಂಡಳು. ಆ ಪೆಟ್ಟಿಗೆ ದಪ್ಪ ಕಟ್ಟಿಗೆಯದು, ಕರುವಿನಷ್ಟು ಭಾರ. ಬಾಳಣ್ಣ ಬಿಟ್ಟು ಬೇರೆ ಯಾರೂ ಅದನ್ನು ಖುಷಿಯಿಂದ ಎತ್ತಿದ್ದಿಲ್ಲ. ಆಸರೆಗೆಂದು ಅವ್ವ ಅದರ ಮೇಲೆ ಕೈ ಇಟ್ಟಳು. ಕಾರ್ಯಕ್ರಮ ಮುಗಿಯುವತನಕ ತೆಗೆಯಲಿಲ್ಲ.

ಮರಳಿ ಬರುವಾಗ ಜೀಪಿನಲ್ಲಿ ಅವಳು ನನ್ನ ತೊಡೆ ತಟ್ಟಿ ಕೇಳಿದಳು: "ಮೂರನೇ ಹಾಡಿನ್ಯಾಗ ನೀ ಎರಡ ಕಡೆ ತಡದ ನಿಂತಿ. ಹೌದಿಲ್ಲೊ?"

ಮೂರನೆಯದು ಅವ್ವನ ಹರೆಯದ ಕಾಲದ ಒಂದು ಹಳೆಯ ಸಿನಿಮಾ ಹಾಡು. ಅದರ ಚರಣದಲ್ಲಿ ಎರಡು ಕಡೆ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಚಪ್ಪಾಳೆ ಬೀಳುವ ಜಾಗಗಳು ಅವು. ಕೇಳಿಸದವಳಿಗೆ ಇದು ಹೇಗೆ ಗೊತ್ತಾಯಿತು?

ಮುಂದಿನ ಸೀಟಿನಿಂದ ಬಾಳಣ್ಣ ತಿರುಗಿದ. "ಅಕಿ ನಿಂತಲ್ಲೆ ನಾನೂ ನಿಲ್ತೇನಲ್ರಿ ಕಾಕೂ," ಎಂದು ಅವ್ವನಿಗೆ ಕೇಳುವಂತೆ ದಪ್ಪ ದನಿ ಮಾಡಿ ಹೇಳಿದ. ಆಮೇಲೆ ನನ್ನ ಕಡೆ ನೋಡಿ, "ಕಾಕೂಗ ಏನೂ ಆಗಿಲ್ಲ ತಂಗಿ. ನಡಕ ಒಂದ ಗ್ವಾಡಿ ಬಂದೈತಿ, ಅಷ್ಟ. ನನಗೂ ಇತ್ತ," ಅಂದ.

ಅವತ್ತಿನಿಂದ ಅವನ ಬಾರಿಸುವ ರೀತಿ ಬದಲಾಯಿತು. ಪ್ರತಿ ಸಾಲು ನಾನು ಎತ್ತಿಕೊಳ್ಳುವ ಮೊದಲು ಎರಡು ಸಣ್ಣ ಹೆಜ್ಜೆ ಇಡತೊಡಗಿದ. ಬಾಗಿಲ ಹೊರಗೆ ಚಪ್ಪಲಿ ಬಿಡುವವರ ಸದ್ದಿನಂತೆ, ಇನ್ನೇನು ಒಳಗೆ ಬರುತ್ತಾಳೆ ಎಂದು ತಿಳಿಸುವ ಎರಡು ಸ್ವರ. ಆಮೇಲೆ ನಾನು ಹಾಡುವಾಗ ಅವನು ಹೆಚ್ಚು ಅಲ್ಲಾಡುತ್ತಿರಲಿಲ್ಲ. ಒಂದು ಸ್ವರ ಹಿಡಿದು ಅದರ ಮೇಲೇ ನಿಲ್ಲುತ್ತಿದ್ದ. ನಾನು ಮೇಲೆ ಹತ್ತಿದರೆ ಕೆಳಗೆ ಇಳಿಯುತ್ತಿದ್ದ. ನಾನು ಮುಗಿಸಿದಾಗ ತಾನೂ ಮುಗಿಸುತ್ತಿದ್ದ, ಒಂದು ಎಳೆಯೂ ಹೆಚ್ಚಾಗದ ಹಾಗೆ. ಅವ್ವನ ಅಂಗೈ ಅದೆಲ್ಲವನ್ನೂ ಓದಿಕೊಳ್ಳುತ್ತಿತ್ತು.

ಮಾಸ್ತರಿಗೆ ಇದು ಸೇರಲಿಲ್ಲ. "ಬಾಳೂ, ಆ ಎರಡ ಸ್ವರ ಮೂಲ ಹಾಡಿನ್ಯಾಗ ಇಲ್ಲೋ," ಅಂದರು.

"ಮೂಲ ಹಾಡಿನ್ಯಾಗ ಕಾಕೂನೂ ಇಲ್ರಿ ಸರ್," ಅಂದ ಬಾಳಣ್ಣ.

ಸಂಗೀತದ ಬಗ್ಗೆ ಬಹಳ ತಿಳಿದವಳಂತೆ ಮಾತಾಡುವ ಹಕ್ಕು ನನಗಿಲ್ಲ. ಆದರೆ ಒಳ್ಳೆಯ ಬೇಸ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ಎರಡು ಹೆಜ್ಜೆಗಳೇ ನೆನಪಾಗುತ್ತವೆ. ಬೇಸ್ ಬಾರಿಸುವವನಿಗೆ ಹಾಡುವವಳು ಎಲ್ಲಿ ಬರುತ್ತಾಳೆ, ಎಲ್ಲಿ ಅವಳಿಗೆ ಉಸಿರು ಸಾಲುವುದಿಲ್ಲ, ಎಲ್ಲಿ ಹೆದರುತ್ತಾಳೆ ಎಂಬುದೆಲ್ಲ ಅವಳಿಗಿಂತ ಮೊದಲು ಗೊತ್ತಿರಬೇಕು. ಗೊತ್ತಿದ್ದೂ ಅವಳ ಜಾಗಕ್ಕೆ ಕಾಲು ಹಾಕಬಾರದು. ಬೆರಳಿಗೆ ಕಸುವಿದೆಯೆಂದು ಎಲ್ಲ ಸಂದಿಯಲ್ಲೂ ಏನಾದರೊಂದು ತುರುಕುವವರನ್ನು ಆಮೇಲೆ ನಾನು ಬೇಕಾದಷ್ಟು ನೋಡಿದ್ದೇನೆ. ಅವರದೂ ಕೇಳಲು ಚೆನ್ನವೇ, ಆದರೆ ಅವರ ಜೊತೆ ಹಾಡುವುದೆಂದರೆ ಸಂತೆಯ ಜನರ ನಡುವೆ ತುಂಬಿದ ಕೊಡ ಹೊತ್ತು ನಡೆದಂತೆ. ಬಾಳಣ್ಣನ ಜೊತೆ ಹಾಡುವಾಗ ದಾರಿ ಯಾವಾಗಲೂ ಖಾಲಿ ಇರುತ್ತಿತ್ತು. ಅದನ್ನು ಯಾರೋ ಖಾಲಿ ಮಾಡಿಸುತ್ತಿದ್ದಾರೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಚಿಕ್ಕೋಡಿಯ ಒಂದು ಮದುವೆಯ ರಿಸೆಪ್ಶನ್ನಿನಲ್ಲಿ ನಾನು ಚರಣದ ಒಂದಿಡೀ ಸಾಲನ್ನೇ ನುಂಗಿ ಮುಂದಿನದಕ್ಕೆ ಜಿಗಿದೆ. ಮದುಮಗಳ ಸೀರೆಯ ಅಂಚು ನೋಡುತ್ತ ಹಾಡುತ್ತಿದ್ದೆ, ಅಷ್ಟೇ ಕಾರಣ. ಬಾಳಣ್ಣ ಅರೆಕ್ಷಣವೂ ತಡೆಯದೆ ನನ್ನ ಜೊತೆಗೇ ಜಿಗಿದ. ಅವನು ಬಂದನೆಂದು ಡ್ರಮ್ಮಿನವನು ಬಂದ, ಡ್ರಮ್ಮು ಬಂತೆಂದು ಮಾಸ್ತರು ಬಂದರು. ಇಡೀ ಆರ್ಕೆಸ್ಟ್ರಾ ಒಂದು ಸಾಲನ್ನು ದಾಟಿ ಆಚೆ ನಿಂತಿತ್ತು, ಮಂಟಪದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಊಟದ ಪಂಕ್ತಿಯಲ್ಲಿ ನಾನು ಮುಖ ಸಣ್ಣದು ಮಾಡಿ ಕೂತಾಗ ಬಾಳಣ್ಣ ಜಿಲೇಬಿ ಬಡಿಸಿಕೊಳ್ಳುತ್ತ, "ನೀ ಒಬ್ಬಾಕೆ ತಪ್ಪಿದ್ರ ತಪ್ಪ ಆಗತೈತಿ. ನಾನೂ ಕೂಡಿ ತಪ್ಪಿದ್ರ ಅದ ಸರಿ ಆಗತೈತಿ. ಜಿಲೇಬಿ ತಿನ್ನು," ಅಂದ.

ಇನ್ನೊಂದು ನೆನಪು ಹೇಳದೆ ಮುಂದೆ ಹೋದರೆ ಅವ್ವ ನನ್ನನ್ನು ಕ್ಷಮಿಸುವುದಿಲ್ಲ. ಅವಳು ಊರೂರಲ್ಲಿ ವೇದಿಕೆಯ ಪಕ್ಕ ಕೂತು, ಕಣ್ಣು ಮುಚ್ಚಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಆಗಾಗ ತಲೆಯಾಡಿಸುತ್ತಿದ್ದಳಲ್ಲ, ನೋಡುವವರು ಅದಕ್ಕೆ ತಮ್ಮದೇ ಅರ್ಥ ಮಾಡಿಕೊಳ್ಳುತ್ತಿದ್ದರು. ನಮ್ಮ ಕಡೆ ಕಾರ್ಯಕ್ರಮವೆಂದರೆ ನಡುವೆ ಸತ್ಕಾರ ಇರಲೇಬೇಕು: ಶಾಲು, ತೆಂಗಿನಕಾಯಿ, ಒಂದೆರಡು ಭಾಷಣ. ಇದೇ ರಾಯಬಾಗದ ಒಂದು ಗ್ಯಾದರಿಂಗಿನಲ್ಲಿ ಮೈಕು ಹಿಡಿದವರು, ಕಲಾವಿದರನ್ನು ಹರಸುತ್ತ ಧ್ಯಾನಸ್ಥರಾಗಿ ಕೂತಿರುವ ತಂಡದ ಗುರುಮಾತೆಯವರನ್ನು ಮೊದಲು ಸನ್ಮಾನಿಸಬೇಕೆಂದು ಘೋಷಿಸಿಬಿಟ್ಟರು. ಅವ್ವನಿಗೆ ಶಾಲು ಹೊದಿಸಿದರು. ಅವಳು ಯಾಕೆ, ಏನು ಎಂದು ಕೇಳಲಿಲ್ಲ; ಶಾಲಿನ ಅರಿವೆ ಮುಟ್ಟಿ ನೋಡಿ, ನೇಯ್ಗೆ ಚಲೋ ಐತಿ ಎಂದಷ್ಟೇ ಹೇಳಿದಳು. ಬಾಳಣ್ಣನ ಹೆಸರನ್ನು ಆವತ್ತೂ ಕರೆಯಲು ಮರೆತರು. ಅವನು ಆಮೇಲೆ ಸುಮಾರು ದಿನ ಅವ್ವನಿಗೆ "ನಮಸ್ಕಾರ್ರಿ ಗುರುಮಾತಾ" ಅನ್ನುತ್ತಿದ್ದ. ಅವ್ವ "ಏಳ ಮಗನ" ಎಂದು ಆಶೀರ್ವಾದ ಮಾಡುತ್ತಿದ್ದಳು.

ಇದೆಲ್ಲ ಚೆನ್ನಾಗಿ ನಡೆದಿದ್ದಾಗ ಮಾಸ್ತರು ಹೊಸ ಕೀಬೋರ್ಡು ತಂದರು. ಹಳೆಯದರ ಒಂದೂವರೆ ಪಟ್ಟು ಉದ್ದ. ಅದರಲ್ಲಿ ಇಲ್ಲದ ವಾದ್ಯವೇ ಇಲ್ಲ. ಎಡಗೈಯಲ್ಲಿ ಒಂದು ಸ್ವರದ ಮನೆ ಒತ್ತಿದರೆ ಬೇಸ್ ತಾನಾಗಿಯೇ ಓಡುತ್ತಿತ್ತು. ಮಾಸ್ತರ ಸಂಭ್ರಮ ನೋಡಬೇಕಿತ್ತು, ಹೊಸ ಸೊಸೆ ಬಂದ ಮನೆಯಂತೆ. ತೊಡಕು ಒಂದೇ. ನಮ್ಮ ಬಾಡಿಗೆ ಜೀಪಿನಲ್ಲಿ ಕೀಬೋರ್ಡು ಮತ್ತು ಅದರ ಪೆಟ್ಟಿಗೆ ಇಟ್ಟ ಮೇಲೆ ಜಾಗ ಸಾಲದಾಯಿತು. ಅಥಣಿಯ ಕಾರ್ಯಕ್ರಮಕ್ಕೆ ಹೊರಟ ದಿನ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಮುಂದೆ ಎಲ್ಲರೂ ಇಳಿದು ಹತ್ತಿ, ಹತ್ತಿ ಇಳಿದು ನೋಡಿದೆವು. ಏನು ಮಾಡಿದರೂ ಒಂದೋ ಅವ್ವ ಉಳಿಯುತ್ತಿದ್ದಳು, ಒಂದೋ ಬಾಳಣ್ಣನ ಪೆಟ್ಟಿಗೆ ಉಳಿಯುತ್ತಿತ್ತು. ಅವ್ವ ಬರದಿದ್ದರೆ ನಾನು ಹೋಗುವಂತಿಲ್ಲ, ಅಪ್ಪನ ಕಾಯ್ದೆ.

ಮಾಸ್ತರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಕಷ್ಟವಾಗಿತ್ತು. "ಬಾಳೂ, ಇದೊಂದ ಸಲ..." ಎಂದು ಶುರು ಮಾಡಿದರು.

ಬಾಳಣ್ಣ ಮುಗಿಸಲು ಬಿಡಲಿಲ್ಲ. "ಕಾಕೂ ಬರಲಿ ತಗೋರಿ. ಅಕಿ ಇಲ್ಲಂದ್ರ ಹಾಡಾಕಿ ಇಲ್ಲ. ನಾ ಇಲ್ಲಂದ್ರ ಯಾರಿಗಿ ಗೊತ್ತಾಗತೈತಿ?" ಎಂದು ನಗುತ್ತಲೇ ಹೇಳಿ, ಪೆಟ್ಟಿಗೆಯನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಹೋಗಿಬಿಟ್ಟ. ಭಡಂಗದ ಪೊಟ್ಟಣವನ್ನು ಅವ್ವನ ಕೈಗೆ ಇಡಿಯಾಗಿ ಕೊಟ್ಟು ಹೋದ. ಅದನ್ನು ನೋಡಿ ನನಗೆ ಭಯವಾಯಿತು. ಆ ಮನುಷ್ಯ ಇಡೀ ಪೊಟ್ಟಣ ಯಾರಿಗೂ ಕೊಟ್ಟವನಲ್ಲ.

ಅಥಣಿಯಲ್ಲಿ ಕಾರ್ಯಕ್ರಮ ಸಾಂಗವಾಗಿ ನಡೆಯಿತು. ಕೀಬೋರ್ಡಿನ ಬೇಸ್ ಒಂದು ಸ್ವರವೂ ತಪ್ಪಲಿಲ್ಲ. ಅದೇ ಅದರ ದೋಷವಾಗಿತ್ತು. ನಾನು ತಡೆದರೆ ಅದು ತಡೆಯುತ್ತಿರಲಿಲ್ಲ. ಮೂರನೇ ಹಾಡಿನಲ್ಲಿ ಉಸಿರು ಹಿಡಿದು ನಿಂತಾಗ ಅದು ಕಬ್ಬಿನ ಗಾಣದಂತೆ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ನಾನು ಓಡಿಹೋಗಿ ಅದನ್ನು ಹಿಡಿಯಬೇಕಾಯಿತು. ಮೊದಲ ಸಲ ನನಗೆ ಕಾಲ ಕೆಳಗೆ ಏನೋ ಇಲ್ಲ ಅನ್ನಿಸಿತು. ಆದರೂ ಚಪ್ಪಾಳೆ ಬಿದ್ದವು. ಬಾಳಣ್ಣ ಹೇಳಿದ ಹಾಗೆ ಯಾರಿಗೂ ಗೊತ್ತಾಗಲಿಲ್ಲ.

ಅವ್ವ ಮಾಮೂಲಿ ಜಾಗದಲ್ಲೇ ಕೂತಿದ್ದಳು. ಅವಳ ಪಕ್ಕ ಮಾತ್ರ ಏನೂ ಇರಲಿಲ್ಲ. ಕೀಬೋರ್ಡಿನ ದನಿಯೆಲ್ಲ ದೂರದ ಕಂಬಗಳಿಗೆ ಕಟ್ಟಿದ್ದ ಸ್ಪೀಕರುಗಳಿಂದ ಬರುತ್ತಿತ್ತು. ಹಾಡುತ್ತ ಹಾಡುತ್ತ ನಾನು ನೋಡಿದೆ: ಅವಳು ಅಂಗೈಯನ್ನು ಮೊದಲು ಕುರ್ಚಿಯ ತೋಳಿಗೆ ಇಟ್ಟಳು, ಆಮೇಲೆ ವೇದಿಕೆಯ ಹಲಗೆಗೆ, ಆಮೇಲೆ ಬಗ್ಗಿ ನೆಲಕ್ಕೆ. ಕೊನೆಗೆ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಜನರನ್ನು ನೋಡುತ್ತ ಕೂತಳು.

ಜೀಪು ಹತ್ತುವಾಗ ಕೇಳಿದಳು: "ಇವತ್ತ ನೀ ಹಾಡಲಿಲ್ಲೇನ?"

ಅವಳು ಚುಚ್ಚಿ ಕೇಳಿದ್ದಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ್ದು. ನಾನು ಅಷ್ಟೂ ಹಾಡು ಹಾಡಿ ಗಂಟಲು ಒಣಗಿ ನಿಂತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಮಾಸ್ತರು ಗಾಬರಿಯಾಗಿ ಏನಾಯಿತೆಂದು ಕೇಳಿದರು. ನಾನು ಹೇಳಿದೆ. ಅವರು ಜೀಪಿನೊಳಗೆ ಇಣುಕಿ ನೋಡಿ, "ಆದ್ರ ಜಾಗಾ ಎಲ್ಲೈತಿ ಹೇಳವ್ವಾ," ಅಂದರು. ಅದೂ ಸುಳ್ಳಲ್ಲ.

ಮುಂದಿನ ಕಾರ್ಯಕ್ರಮ ಕಾಗವಾಡದಲ್ಲಿ. ನಾನು ಅವ್ವನಿಗೆ ನಡೆದದ್ದನ್ನೆಲ್ಲ ಕೈಬಾಯಿ ಮಾಡಿ ತಿಳಿಸಿದ್ದೆ. ತನ್ನ ಸೀಟಿಗಾಗಿ ಬಾಳಣ್ಣ ಉಳಿದ ಎಂಬುದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ. ಹೊರಡುವ ದಿನ ನಾವು ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಾಳಣ್ಣ ಪೆಟ್ಟಿಗೆಯ ಸಮೇತ ಅಲ್ಲಿದ್ದ. ಅವ್ವ ನಿಪ್ಪಾಣಿಗೆ ಹೋಗುವ ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳಂತೆ. ಮಾಸ್ತರು ಹಣೆ ಒತ್ತಿಕೊಂಡರು. ಅವ್ವ ಸೀದಾ ಜೀಪಿನ ಹಿಂದಿನ ಬಾಗಿಲು ತೆಗೆಸಿ, ಉದ್ದ ಸೀಟಿನ ತುದಿಯಲ್ಲಿ ತಾನು ಕೂರುತ್ತಿದ್ದ ಜಾಗವನ್ನು ತೋರಿಸಿದಳು.

"ಆ ಪೆಟಗಿ ಇಲ್ಲಿ ಇಡು."

"ಮತ್ತ ನೀವ ಎಲ್ಲೆ ಕುಂಡರತೀರಿ ಕಾಕೂ?" ಅಂದರು ಮಾಸ್ತರು.

"ಅದರ ಮ್ಯಾಲ," ಅಂದಳು ಅವ್ವ. "ನಾವಿಬ್ಬರೂ ಒಂದ ಜಾಗಾದಾಗ ಹೊಕ್ಕೇವಿ."

ಹಾಗೆಯೇ ಹೋದೆವು. ಅವ್ವನ ತಲೆ ಜೀಪಿನ ಛಾವಣಿಗೆ ತಾಗುತ್ತಿತ್ತು. ತಗ್ಗು ಬಂದಾಗಲೆಲ್ಲ ಅವಳು ಅಯ್ಯೋ ಎಂದು ಬಗ್ಗುತ್ತಿದ್ದಳು, ಬಾಳಣ್ಣ ಅಯ್ಯೋ ಎಂದು ಪೆಟ್ಟಿಗೆ ಹಿಡಿಯುತ್ತಿದ್ದ. ಕೃಷ್ಣೆಯ ಸೇತುವೆಯ ಮೇಲೆ ಅವ್ವ ಆ ಎತ್ತರದಿಂದಲೇ ನದಿಗೆ ಕೈ ಮುಗಿದಳು. ಕಾಗವಾಡದಲ್ಲಿ ನಾನು ಹೇಗೆ ಹಾಡಿದೆನೋ ನೆನಪಿಲ್ಲ. ಮೂರನೇ ಹಾಡಿಗೆ ಬಾಳಣ್ಣ ಆ ಎರಡು ಹೆಜ್ಜೆ ಇಟ್ಟದ್ದು, ಅವ್ವ ಮುಖ ಎತ್ತಿ ನನ್ನ ಕಡೆ ತಿರುಗಿದ್ದು, ನಾನು ಬಾಯಿ ತೆರೆಯುವ ಮೊದಲೇ ಅವಳು ನಕ್ಕಿದ್ದು ಮಾತ್ರ ನೆನಪಿದೆ. ಯಾವ ಚಪ್ಪಾಳೆಯೂ ನನಗೆ ಅಷ್ಟು ಸುಖ ಕೊಟ್ಟಿಲ್ಲ. ಅವತ್ತು ನಾನು ಮೊದಲ ಸಲ ಹಾಡುತ್ತ ಬೇಸನ್ನು ಕೇಳಿದೆ.

ಆಮೇಲೆ ನಾನು ಮದುವೆಯಾಗಿ ರಾಯಬಾಗಕ್ಕೆ ಬಂದೆ. ಡಿಜೆಗಳು ಬಂದವು, ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುವವರು ಬಂದರು, ಆರ್ಕೆಸ್ಟ್ರಾ ತಾನಾಗಿ ಕರಗಿತು. ಬಾಳಣ್ಣ ಈಗಲೂ ಕಾಟಾದ ಮೇಲಿದ್ದಾನೆ, ಈಗಲೂ ಜಯಂತಿಗೆ ವಿಹಾರದಲ್ಲಿ ಬಾರಿಸುತ್ತಾನೆ, ಈಗಲೂ ಅಂಗಿ ಮಿಂಚುತ್ತದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರ ಇದ್ದಾಳೆ. ಮಿರಜಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸಿದೆ. ಅದನ್ನು ಹಾಕಿಕೊಂಡ ದಿನ ಆಸೆಯಿಂದ ಅವಳೆದುರು ಕೂತು ಮೂರನೇ ಹಾಡು ಹಾಡಿದೆ. ಅವ್ವ ಮುಖ ಗಂಟಿಕ್ಕಿ ಪೂರಾ ಕೇಳಿ, "ಸೂಜಿ ಚುಚ್ಚಿದಂಗ ಆಗತೈತಿ. ಬಾಳೂಂದ ಚಲೋ ಇತ್ತ," ಎಂದು ಮಷೀನು ತೆಗೆದು ಡಬ್ಬಿಗೆ ಹಾಕಿದಳು. ಊರೆಲ್ಲ ಹೊಗಳಿದ ದನಿಗೆ ಸಿಕ್ಕ ಪ್ರಾಮಾಣಿಕ ವಿಮರ್ಶೆ ಅದೊಂದೇ.

ಈಗ ಮೊನ್ನೆಯ ಮಧ್ಯಾಹ್ನಕ್ಕೆ ಮರಳುತ್ತೇನೆ. ಉಕ್ಕಿದ ಹಾಲು ಒರೆಸಿ ಬಂದು ನೋಡಿದರೆ ಅವ್ವ ಇನ್ನೂ ತಿಜೋರಿಯ ಮುಂದೆಯೇ ಇದ್ದಳು. ಬೆರಳಿನಿಂದ ತಗಡಿನ ಮೇಲೆ ಮೆಲ್ಲಗೆ ಎರಡು ಸಲ ಬಡಿದಳು. ತಡೆದಳು. ಮತ್ತೆ ಎರಡು ಸಲ. ಬಾಳಣ್ಣನ ಎರಡು ಹೆಜ್ಜೆ! ನಾನು ಹತ್ತಿರ ಹೋಗಿ, ತಿಜೋರಿಯ ಬಾಗಿಲಿಗೆ ಬಾಯಿ ತಂದು, ಉತ್ಸಾಹದಿಂದ ಹಾಡು ಎತ್ತಿಕೊಂಡೆ. ಅವ್ವ ತಲೆಯಾಡಿಸಿದಳು.

"ಅದಲ್ಲ. ತೆಳಗಿಂದು."

ಕೆಳಗಿನದು. ನಾನು ಯಾವತ್ತೂ ಹಾಡಿರದ ಭಾಗ. ನೆನಪಿದೆಯೋ ಇಲ್ಲವೋ ಎಂಬ ಅನುಮಾನದಲ್ಲೇ, ನನ್ನ ದನಿ ಎಷ್ಟು ಕೆಳಗೆ ಇಳಿಯಬಲ್ಲದೋ ಅಷ್ಟು ಇಳಿಸಿ, ತುಟಿ ಮುಚ್ಚಿ, ಹೂಂಕಾರದಲ್ಲಿ ಬಾಳಣ್ಣನ ಬೇಸ್ ಶುರು ಮಾಡಿದೆ. ತಗಡು ಜುಂಯ್ ಎಂದಿತು. ಅವ್ವನ ಅಂಗೈ ಒತ್ತಿಕೊಂಡಿತು. ಇದು ಎಷ್ಟು ಕಷ್ಟದ ಕೆಲಸವೆಂದು ನಿಮಗೆ ಹೇಗೆ ಹೇಳಲಿ? ನನ್ನ ಗಂಟಲು ಗಳಿಗೆಗೊಮ್ಮೆ ಮೇಲೆ ಹತ್ತಲು ನೋಡುತ್ತಿತ್ತು, ಹಾಡಿನ ಮಾತುಗಳು ತುಟಿಯ ಹಿಂದೆ ಬಂದು ನೂಕುತ್ತಿದ್ದವು. ಅವನ್ನೆಲ್ಲ ಹಿಡಿದು ಕೂರಿಸಿ, ಆ ಎರಡು ಹೆಜ್ಜೆ ಇಟ್ಟು, ಒಂದು ಸ್ವರದ ಮೇಲೆ ನಿಂತುಕೊಂಡು ಜಾಗ ಬಿಟ್ಟೆ.

ಆ ಜಾಗದಲ್ಲಿ ಅವ್ವ ಹಾಡಿದಳು.

ನನ್ನ ಜನ್ಮದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ದನಿ ಒಡಕು, ಶ್ರುತಿ ಅವಳ ಇಷ್ಟದಂತೆ ಓಡಾಡುತ್ತಿತ್ತು, ಸಾಹಿತ್ಯ ಮಾತ್ರ ಒಂದಕ್ಷರ ಮರೆತಿರಲಿಲ್ಲ. ಆ ಹಾಡನ್ನು ಮಗ್ಗದ ಸದ್ದಿನ ಕೆಳಗೆ ದಿನವೂ ಹಾಡುತ್ತಿದ್ದಳಂತೆ. ಅಲ್ಲಿ ಯಾರಿಗೂ, ತನಗೂ, ಕೇಳಿಸುತ್ತಿರಲಿಲ್ಲವಂತೆ. ಇದನ್ನೆಲ್ಲ ಹೇಳಿದ್ದು ಆಮೇಲೆ. ಚರಣದಲ್ಲಿ ಅವಳು ಒಂದು ಸಾಲು ಬಿಟ್ಟು ಮುಂದೆ ಜಿಗಿದಳು. ನಾನೂ ಜೊತೆಗೇ ಜಿಗಿದೆ. ಅವಳು ತಡೆದು ನಿಂತ ಎರಡು ಕಡೆ ನಾನೂ ತಡೆದೆ. ಅವಳು ಮುಗಿಸಿದಾಗ ಮುಗಿಸಿದೆ.

ಅವ್ವ ತಿಜೋರಿಯಿಂದ ಕೈ ತೆಗೆದು ನನ್ನ ಕೆನ್ನೆಗೆ ಇಟ್ಟಳು. ಅಂಗೈ ಬೆಚ್ಚಗಿತ್ತು.

"ಇವತ್ತ ಚಲೋ ಹಾಡಿದಿ ನೋಡ," ಅಂದಳು.